ಚಪ್ಪಾಳೆ ಆಮೇಲೆ, ಮೊದಲು ಒಂದು ವರ್ಷ ಜೊತೆಗಿರಿ

ಹದಿಹರೆಯದ ಮಕ್ಕಳಲ್ಲಿ ಆತ್ಮವಿಶ್ವಾಸ ತುಂಬುತ್ತೇವೆಂದು ಹೊರಡುವ ಶಿಬಿರಗಳು ಸಾಮಾನ್ಯವಾಗಿ ಎರಡೇ ದಿನಕ್ಕೆ ಮುಗಿದುಹೋಗುತ್ತವೆ. ಹುರಿದುಂಬಿಸುವ ಭಾಷಣ, ಒಂದಿಷ್ಟು ಆಟ, ಪ್ರಮಾಣಪತ್ರ, ಗುಂಪು ಫೋಟೊ. ಸಂಘಟಕರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆತ್ಮವಿಶ್ವಾಸವನ್ನು ಹೊರಗಿನಿಂದ ತುಂಬಬಹುದು ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ.

'ಇದು ನನ್ನಿಂದಾಗುತ್ತದೆ' ಎಂಬ ಭಾವ ಎಲ್ಲಿಂದ ಹುಟ್ಟುತ್ತದೆ? ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಇದಕ್ಕೆ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಸಾಧಿಸಿದ ಅನುಭವ, ತನ್ನಂಥವರು ಸಾಧಿಸುವುದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು, ಆ ಹೊತ್ತಿನ ದೇಹ-ಮನಸ್ಸಿನ ಸ್ಥಿತಿ. ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ನಾವು ಹಿರಿಯರು ಮೂರನೆಯದಕ್ಕೇ ಜೋತುಬಿದ್ದಿದ್ದೇವೆ.

ಕಲೆಯ ಮೇಲೆ ನನಗಿರುವ ಭರವಸೆ ಇಲ್ಲಿಂದಲೇ ಬಂದದ್ದು. ನಾಟಕದ ತಾಲೀಮನ್ನೇ ನೋಡಿ. ಮಾತು ಮರೆತ ಹುಡುಗನನ್ನು ಎದುರಿಗಿರುವ ಹುಡುಗಿ ತನ್ನ ಮಾತಿನಿಂದ ದಡ ಸೇರಿಸಬೇಕು. ತನಗೆ ಇಷ್ಟವಿಲ್ಲದ ಪಾತ್ರದ ಒಳಗಿನ ನೋವನ್ನು ಹುಡುಕಬೇಕು. ವೇದಿಕೆಗೆ ಬರಲು ಹೆದರುವವನ ಕೈಗೆ ಬೆಳಕಿನ ಜವಾಬ್ದಾರಿ ಬಂದರೆ, ಅವನು ಕ್ಷಣ ತಪ್ಪಿದರೂ ಇಡೀ ದೃಶ್ಯ ಕತ್ತಲಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಪಟ್ಟಿ ಮಾಡಿದ ಹತ್ತು ಜೀವನ ಕೌಶಲಗಳಲ್ಲಿ ಪರಾನುಭೂತಿ, ಸಂವಹನ, ನಿರ್ಧಾರ ಕೈಗೊಳ್ಳುವುದು, ಒತ್ತಡ ನಿಭಾಯಿಸುವುದು ಸೇರಿವೆ. ತಾಲೀಮಿನ ಕೋಣೆಯಲ್ಲಿ ಇವನ್ನು ಯಾರೂ ಪಾಠ ಮಾಡುವುದಿಲ್ಲ, ಆದರೆ ಇವಿಲ್ಲದೆ ಅಲ್ಲಿ ಕೆಲಸವೇ ಸಾಗುವುದಿಲ್ಲ.

ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ ರೂಪಿಸಿದ ಫೋರಮ್ ಥಿಯೇಟರ್ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಪ್ರೇಕ್ಷಕರು ನಾಟಕವನ್ನು ನಿಲ್ಲಿಸಿ, ತಾವೇ ವೇದಿಕೆ ಹತ್ತಿ ಕಥೆಯ ದಿಕ್ಕು ಬದಲಿಸಬಹುದು. ಗೆಳೆಯರ ಒತ್ತಾಯಕ್ಕೆ 'ಬೇಡ' ಎನ್ನಲಾಗದ ಹುಡುಗಿ ಆ 'ಬೇಡ'ವನ್ನು ಅಲ್ಲಿ ಹತ್ತು ಬಗೆಯಲ್ಲಿ ಹೇಳಿ ನೋಡಬಹುದು. ಸೋತರೂ ನಷ್ಟವಿಲ್ಲ.

ಇನ್ನು ಮಾರ್ಗದರ್ಶಕರು. ಮಕ್ಕಳ ಚಿತ್ರವನ್ನು ತಮ್ಮ ಪೆನ್ಸಿಲಿನಿಂದ ತಿದ್ದುವವರು ದಯವಿಟ್ಟು ಕೈ ಕಟ್ಟಿಕೊಳ್ಳಲಿ! 'ಈ ಭಾಗ ಹೀಗೇಕೆ ಬಂತು?' ಎಂದು ಕೇಳಿ, ಉತ್ತರ ಬರುವವರೆಗೆ ಕಾಯುವುದು ಹೆಚ್ಚು ಕಷ್ಟ, ಹೆಚ್ಚು ಫಲಕಾರಿ. ಹೊಗಳಿಕೆಯಲ್ಲೂ ಎಚ್ಚರ ಬೇಕು. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 'ನೀನು ಬುದ್ಧಿವಂತ' ಎನಿಸಿಕೊಂಡ ಮಕ್ಕಳು ಸೋಲು ಎದುರಾದಾಗ, ಪರಿಶ್ರಮಕ್ಕಾಗಿ ಹೊಗಳಿಸಿಕೊಂಡವರಿಗಿಂತ ಬೇಗ ಉತ್ಸಾಹ ಕಳೆದುಕೊಂಡರು. 'ಹುಟ್ಟು ಕಲಾವಿದೆ' ಎಂಬ ಬಿರುದು ಹದಿನಾಲ್ಕರ ಹುಡುಗಿಗೆ ಉಡುಗೊರೆಯಲ್ಲ, ಹೊರೆ.

ನನ್ನನ್ನು ಹೆಚ್ಚು ಕಾಡುವುದು ಸಮಯದ ಪ್ರಶ್ನೆ. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಅಮೆರಿಕದಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಾರ್ಗದರ್ಶನದ ನಂಟು ಒಂದು ವರ್ಷ ಅಥವಾ ಹೆಚ್ಚು ಕಾಲ ಉಳಿದಾಗ ಅತಿ ಹೆಚ್ಚು ಪ್ರಯೋಜನ ಕಂಡಿತು. ಮೂರು ತಿಂಗಳೊಳಗೇ ಮುರಿದುಬಿದ್ದಾಗ ಮಕ್ಕಳ ಸ್ವಾಭಿಮಾನ ಕುಗ್ಗಿತು. ಒಳ್ಳೆಯ ಮನಸ್ಸಿನಿಂದ ಬಂದು ಅರ್ಧಕ್ಕೆ ಕಾಣೆಯಾಗುವವರು, ಮೊದಲೇ ಕೈಬಿಟ್ಟವರನ್ನು ಕಂಡಿರುವ ಮಗುವಿಗೆ ಇನ್ನೊಂದು ಪೆಟ್ಟು ಕೊಟ್ಟು ಹೋಗುತ್ತಾರೆ.

ಆದ್ದರಿಂದ ಕಲಾವಿದ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ. ನೂರು ಮಕ್ಕಳ ಶಿಬಿರ ಬೇಡ, ಐದು ಮಕ್ಕಳನ್ನು ಒಪ್ಪಿಕೊಳ್ಳಿ. ವಾರಕ್ಕೊಮ್ಮೆ, ಒಂದು ವರ್ಷ. ಎಂದು ಮುಗಿಯುತ್ತದೆ ಎಂಬುದನ್ನು ಮೊದಲ ದಿನವೇ ಹೇಳಿಬಿಡಿ, ಮಧ್ಯದಲ್ಲಿ ಬರಲಾಗದ ವಾರಗಳಿದ್ದರೆ ಮುಂಚಿತವಾಗಿ ತಿಳಿಸಿ.