ಕಲ್ಲಿದ್ದಲೋ ಬಿಸಿಲೋ ಎನ್ನುವ ಮುಂಚೆ, ಎಷ್ಟು ಗಂಟೆಗೆ ಅಂತ ಕೇಳಿ

ಸೋಲಾರ್ ಕರೆಂಟು ಯುನಿಟ್ಟಿಗೆ ಎರಡೂವರೆ ರೂಪಾಯಿಗೆ ಸಿಗುವಾಗ ಇನ್ನೂ ಕಲ್ಲಿದ್ದಲು ಸುಡುವುದೇಕೆ ಅಂತ ಒಬ್ಬರು ಬರೆಯುತ್ತಾರೆ. ಅದರ ಕೆಳಗೇ ಇನ್ನೊಬ್ಬರು, ರಾತ್ರಿ ಫ್ಯಾನು ತಿರುಗಿಸೋಕೆ ನಿಮ್ಮ ಸೂರ್ಯ ಬರ್ತಾನಾ ಅಂತ ಕಾಲೆಳೆಯುತ್ತಾರೆ. ಇಬ್ಬರ ಮಾತೂ ನಿಜ, ಇಬ್ಬರ ಲೆಕ್ಕವೂ ಅರ್ಧ. ಕರೆಂಟನ್ನು ಕೊಳ್ಳುವ, ಮಾರುವ ಮಾರುಕಟ್ಟೆಯಾದ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಮಧ್ಯಾಹ್ನ ಎರಡು ಮೂರು ರೂಪಾಯಿಗೆ ಬಿಕರಿಯಾಗುವ ಯುನಿಟ್ಟು, ಬೇಡಿಕೆ ಬಿಗಿಯಾದ ದಿನಗಳಲ್ಲಿ ಅದೇ ಸಂಜೆ ಏಳಕ್ಕೆ ನಿಗದಿತ ಮಿತಿಯಾದ 10 ರೂಪಾಯಿ ಮುಟ್ಟುವುದುಂಟು. ಹಾಗಾಗಿ ನಾನು ಯಾವ ಇಂಧನದ ವಕೀಲಿಕೆ ಕೇಳಿದರೂ ಮೊದಲು ನೋಡುವುದು ಗಡಿಯಾರ.

ಮೊದಲು ಕಲ್ಲಿದ್ದಲಿನ ಲೆಕ್ಕ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೇ ಶೇ. 35ರ ಆಸುಪಾಸು. ರಾಯಚೂರಿನ ಶಕ್ತಿನಗರದಲ್ಲಿರುವಂಥ 210 ಮೆಗಾವ್ಯಾಟ್‌ನ ಹಳೆ ಘಟಕದಲ್ಲಿ ಒಂದು ಯುನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ಅಂದರೆ ತಿಂಗಳಿಗೆ 150 ಯುನಿಟ್ ಉರಿಸುವ ಮಲ್ಲೇಶ್ವರದ ಒಂದು ಮನೆಗೆ ಎಲ್ಲವೂ ಅಲ್ಲಿಂದಲೇ ಬಂತು ಅಂತಿಟ್ಟುಕೊಂಡರೆ, ಒಂದು ಕ್ವಿಂಟಲ್‌ಗೂ ಮೀರಿದ ಕಲ್ಲಿದ್ದಲು ಸುಟ್ಟು ಮೂವತ್ತೈದು ಕಿಲೋಗೂ ಹೆಚ್ಚು ಬೂದಿ ಮಿಗುತ್ತದೆ. ಆ ಬೂದಿ ಇರುವುದು ರಾಯಚೂರಿನಲ್ಲಿ, ಮಲ್ಲೇಶ್ವರದಲ್ಲಲ್ಲ. ರಾಯಚೂರು ಸ್ಥಾವರದ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಪೂರ್ತಿ ಓಡಿದರೆ ದಿನಕ್ಕೆ ಏಳೆಂಟು ರೇಕ್ (ಗೂಡ್ಸ್ ರೈಲು) ಕಲ್ಲಿದ್ದಲು ಬೇಕು, ಜೊತೆಗೆ ಕೃಷ್ಣೆಯ ನೀರು. ಗಂಧಕದ ಹೊಗೆ ತಡೆಯುವ ನಿಯಮ ಬಂದದ್ದು 2015ರಲ್ಲಿ. ಗಡುವು ಮುಂದೂಡಿ ಮುಂದೂಡಿ, ಕೊನೆಗೆ 2025ರ ಜುಲೈನಲ್ಲಿ ದೇಶದ ಬಹುಪಾಲು ಘಟಕಗಳಿಗೆ ವಿನಾಯಿತಿಯನ್ನೇ ಕೊಟ್ಟರು. ಕಲ್ಲಿದ್ದಲು ಅಗ್ಗ ಅನ್ನುವವರು ಈ ಖರ್ಚನ್ನು ಯಾರ ಖಾತೆಗೆ ಬರೆದಿದ್ದಾರೆ ಅಂತ ಕೇಳಬೇಕು.

ಆದರೆ ಬಿಸಿಲು ಇಳಿಯುವ ಹೊತ್ತಿಗೆ ಏನಾಗುತ್ತದೆ ನೋಡಿ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟ್. ಮಧ್ಯಾಹ್ನದ ಭರ್ತಿಯಿಂದ ಮುಸ್ಸಂಜೆಯ ಸೊನ್ನೆಗೆ ಇಳಿಯಲು ಅದಕ್ಕೆ ಕೆಲವೇ ಗಂಟೆ ಸಾಕು, ಕೊನೆಯ ಇಳಿಜಾರು ಬಹಳ ಕಡಿದು. ರಾಜ್ಯದ ಎಲ್ಲ ಸೋಲಾರ್ ಸೇರಿದರೆ ಸಾವಿರಾರು ಮೆಗಾವ್ಯಾಟ್ ಮಾಯ, ಅದೂ ಮನೆ ಮನೆಯಲ್ಲಿ ದೀಪ ಹತ್ತುವ ಹೊತ್ತಿಗೆ. ಕಲ್ಲಿದ್ದಲಿನ ಘಟಕ ನಿಮಿಷಕ್ಕೆ ತನ್ನ ಸಾಮರ್ಥ್ಯದ ಶೇ. 1ರಷ್ಟು ಏರಿದರೆ ದೊಡ್ಡದು, 210ರ ಘಟಕಕ್ಕೆ ಅದು ಬರೀ ಎರಡು ಮೆಗಾವ್ಯಾಟ್. ಮಧ್ಯಾಹ್ನ ಆರಿಸಿ ಸಂಜೆ ಹಚ್ಚೋಣ ಅಂದರೆ ಬಾಯ್ಲರ್ ಕೇಳುವುದಿಲ್ಲ. ಪೂರ್ತಿ ತಣ್ಣಗಾದದ್ದನ್ನು ಮತ್ತೆ ಗ್ರಿಡ್ಡಿಗೆ ಜೋಡಿಸಲು ಅರ್ಧ ದಿನ ಹಿಡಿಯುತ್ತದೆ. ಅದಕ್ಕೇ ಮಧ್ಯಾಹ್ನ ಬೇಡದಿದ್ದರೂ ಶೇ. 55ರ ಕನಿಷ್ಠ ಲೋಡಿನಲ್ಲಿ ಅದನ್ನು ಉರಿಸುತ್ತಾ ಕೂರಬೇಕು. ಅದಕ್ಕಿಂತ ಕೆಳಗಿಳಿಸಿದರೆ ಜ್ವಾಲೆ ಅಲುಗಾಡುತ್ತದೆ, ನಿಲ್ಲಿಸಿಕೊಳ್ಳಲು ಎಣ್ಣೆ ಸುರಿಯಬೇಕು. ದಿನಾ ಏರಿಸಿ ಇಳಿಸಿದರೆ ಬಾಯ್ಲರ್ ಟ್ಯೂಬು ಹಿಗ್ಗಿ ಕುಗ್ಗಿ ಬೆಸುಗೆಯಲ್ಲಿ ಸೀಳುತ್ತದೆ. ಟ್ಯೂಬ್ ಲೀಕ್ ಅಂದರೆ ಘಟಕ ಎರಡು ಮೂರು ದಿನ ಬಂದ್. ಮಳೆಗಾಲದಲ್ಲಿ ಒದ್ದೆ ಕಲ್ಲಿದ್ದಲು ಬಂಕರಿನಲ್ಲಿ ಮುದ್ದೆಯಾಗಿ ಕೆಳಗಿಳಿಯದ ತಾಪತ್ರಯ ಬೇರೆ.

ಸಂಜೆಯ ಈ ಇಳಿಜಾರನ್ನು ನಮ್ಮಲ್ಲಿ ಮುಖ್ಯವಾಗಿ ಹೊರುತ್ತಿರುವುದು ಶರಾವತಿ, ಕಾಳಿ, ವಾರಾಹಿ ನದಿಗಳ ಜಲವಿದ್ಯುತ್ ಸ್ಥಾವರಗಳು. ಶರಾವತಿಯ 103.5 ಮೆಗಾವ್ಯಾಟ್‌ನ ಒಂದು ಯಂತ್ರ ಕೆಲವೇ ನಿಮಿಷದಲ್ಲಿ ಪೂರ್ತಿ ಲೋಡ್ ಎತ್ತಿಕೊಳ್ಳುತ್ತದೆ, ಅಂಥವು ಹತ್ತಿವೆ. ಸೋಲಾರ್‌ನಲ್ಲಿ ಕರ್ನಾಟಕ ಮುಂದೆ ಬಂದದ್ದರಲ್ಲಿ ಶರಾವತಿಯ ಜಲಾಶಯ ಲಿಂಗನಮಕ್ಕಿಯ ಪಾಲೂ ಇದೆ, ಯಾರೂ ಹೇಳುವುದಿಲ್ಲ ಅಷ್ಟೆ. ಮಳೆ ಕೈಕೊಟ್ಟರೆ ಈ ಆಸರೆಯೇ ಕುಸಿಯುತ್ತದೆ. 2023ರ ಅಕ್ಟೋಬರ್‌ನಲ್ಲಿ ಆದದ್ದು ಅದೇ. ಜಲಾಶಯಗಳಲ್ಲಿ ನೀರಿಲ್ಲ, ಮುಂಗಾರಿನ ಜೊತೆಗೇ ಚಿತ್ರದುರ್ಗ, ಗದಗದ ಗಾಳಿಯೂ ತಗ್ಗಿದೆ, ಬೆಳೆ ಉಳಿಸಿಕೊಳ್ಳಲು ರೈತರ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುತ್ತಿವೆ. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ರಾಜ್ಯದ ಖಾಸಗಿ ಉತ್ಪಾದಕರು ಹೊರಗೆ ಮಾರದಂತೆ ಕಟ್ಟಿಹಾಕಬೇಕಾಯಿತು. ಪಂಜಾಬ್, ಉತ್ತರ ಪ್ರದೇಶದಿಂದ ಮುಂದೆ ವಾಪಸ್ ಕೊಡುವ ಕರಾರಿನ ಮೇಲೆ ಕೈಗಡ ತರಬೇಕಾಯಿತು. ಅಂಥ ತಿಂಗಳಿಗೆ ಕಲ್ಲಿದ್ದಲು ಬೇಕು. ಇರುವುದನ್ನು ಇಟ್ಟುಕೊಳ್ಳೋಣ, ಹೊಸದು ಕಟ್ಟುವುದು ಬೇಡ ಅನ್ನುವುದು ನನ್ನ ನಿಲುವು. ಕಟ್ಟಿದರೆ ಇಪ್ಪತ್ತೈದು ವರ್ಷ ಓಡಿಸಿದರೂ ಓಡಿಸದಿದ್ದರೂ ಅದರ ನಿಗದಿತ ವೆಚ್ಚ ನಮ್ಮ ಬಿಲ್ಲಿಗೇ ಬರುತ್ತದೆ.

ಗ್ಯಾಸ್ ನಡುದಾರಿ ಅನ್ನುವವರಿಗೆ ಯಲಹಂಕವೇ ಉದಾಹರಣೆ. ರಾಜ್ಯದ ವಿದ್ಯುತ್ ಉತ್ಪಾದನಾ ಸಂಸ್ಥೆ ಕೆಪಿಸಿಎಲ್‌ನ 370 ಮೆಗಾವ್ಯಾಟ್‌ನ ಗ್ಯಾಸ್ ಸ್ಥಾವರ ಊರೊಳಗೇ ಇದೆ. ಬೂದಿಯಿಲ್ಲ, ಇಂಗಾಲ ಕಲ್ಲಿದ್ದಲಿನ ಅರ್ಧಕ್ಕಿಂತ ಕಡಿಮೆ, ನಗರದ ವೋಲ್ಟೇಜಿಗೂ ಒಳ್ಳೆಯದು. ತೊಡಕಿರುವುದು ಗ್ಯಾಸಿನ ದರದಲ್ಲಿ. ಗ್ಯಾಸನ್ನು ಅಳೆದು ಮಾರುವುದು ಎಂಎಂಬಿಟಿಯು ಎಂಬ ಶಾಖದ ಅಳತೆಯಲ್ಲಿ. ಒಂದು ಎಂಎಂಬಿಟಿಯು ಅನಿಲದಿಂದ ಇಂಥ ಸ್ಥಾವರದಲ್ಲಿ ಸುಮಾರು 140 ಯುನಿಟ್ ಹುಟ್ಟುತ್ತದೆ. ಆಮದು ಗ್ಯಾಸು ಆ ಅಳತೆಗೆ 12 ಡಾಲರ್ ಇದ್ದರೆ ಇಂಧನಕ್ಕೇ ಯುನಿಟ್ಟಿಗೆ 7 ರೂಪಾಯಿ ದಾಟುತ್ತದೆ. 2022ರಲ್ಲಿ ಯುಕ್ರೇನ್ ಯುದ್ಧದ ಹೊತ್ತಿಗೆ ದರ ಇದರ ಮೂರ್ನಾಲ್ಕು ಪಟ್ಟು ಹಾರಿತ್ತು. ಇನ್ನೊಂದು ವಿಷಯ, ಗ್ಯಾಸ್ ಟರ್ಬೈನ್ ಬೇಗ ಹತ್ತುತ್ತದೆ ನಿಜ, ಆದರೆ ಅದರ ಬಿಸಿಯಿಂದ ಓಡುವ ಉಗಿ ಟರ್ಬೈನ್ ಸಿದ್ಧವಾಗಲು ತಾಸುಗಳು ಬೇಕು. ಒಟ್ಟು ಉತ್ಪಾದನೆಯ ಆ ಮೂರನೇ ಒಂದು ಭಾಗ ಸೇರದಿದ್ದರೆ ಯುನಿಟ್ ಇನ್ನೂ ದುಬಾರಿ. ಪೈಪಿನಲ್ಲಿ, ಬಾವಿಯಲ್ಲಿ ಸೋರುವ ಮೀಥೇನ್ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು ಎಂಬತ್ತು ಪಟ್ಟು ಕಾವು ಹಿಡಿಯುತ್ತದೆ. ಯಲಹಂಕ ಇರಲಿ, ಆಪತ್ತಿಗಿರಲಿ, ಇನ್ನೊಂದು ಬೇಡ.

ಹಾಗಾದರೆ ಸಂಜೆಗೆ? ಬ್ಯಾಟರಿಯ ಲೆಕ್ಕ ಹಾಕಿ. ಇತ್ತೀಚಿನ ಟೆಂಡರುಗಳಲ್ಲಿ ಎರಡು ಗಂಟೆ ಕೊಡುವ ಬ್ಯಾಟರಿಗೆ ಒಂದು ಮೆಗಾವ್ಯಾಟ್‌ಗೆ ತಿಂಗಳಿಗೆ ಎರಡು ಲಕ್ಷ ರೂಪಾಯಿ ಆಸುಪಾಸು ಬಾಡಿಗೆ ಬಂದಿದೆ. ದಿನಕ್ಕೊಂದು ಸಲ ತುಂಬಿ ಖಾಲಿ ಮಾಡಿದರೆ ತಿಂಗಳಿಗೆ 60,000 ಯುನಿಟ್, ಅಂದರೆ ಯುನಿಟ್ಟಿಗೆ 3 ರೂಪಾಯಿ 30 ಪೈಸೆ. ಒಳಗೆ ಹಾಕಿದ ಎರಡೂವರೆ ರೂಪಾಯಿಯ ಸೋಲಾರ್‌ನಲ್ಲಿ ಶೇ. 15 ಸೋರಿಹೋದರೆ ಅದು ಮೂರಾಗುತ್ತದೆ. ಒಟ್ಟು ಆರೂಕಾಲು. ಅಗ್ಗವಲ್ಲ, ಆದರೆ ಗ್ಯಾಸಿಗಿಂತ ಕಡಿಮೆ, ಹತ್ತು ರೂಪಾಯಿಯ ಸಂಜೆ ಖರೀದಿಗಿಂತ ಬಹಳ ಕಡಿಮೆ. ಎರಡು ಗಂಟೆಯ ಬ್ಯಾಟರಿ ಮೋಡ ಕವಿದ ವಾರವನ್ನು ದಾಟಿಸುವುದಿಲ್ಲ, ಅದು ಅದರ ಕೆಲಸವೂ ಅಲ್ಲ. ಅಗ್ಗದ ಹೊತ್ತಿನಲ್ಲಿ ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಇಳಿಸಿ ಕರೆಂಟು ಮಾಡುವ ಶರಾವತಿಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ವಾದವೂ ಇದೇ ಸಂಜೆಯ ಮೇಲೆ ನಿಂತಿದೆ. ತಂತ್ರಜ್ಞಾನಕ್ಕೆ ನನ್ನ ತಕರಾರಿಲ್ಲ, ಜಾಗಕ್ಕಿದೆ. ಸಿಂಗಳೀಕದ ಅಭಯಾರಣ್ಯ ಅಗೆಯುವ ಬದಲು ಬಯಲುಸೀಮೆಯ ಬೋಳು ಗುಡ್ಡಗಳಲ್ಲಿ ನದಿಯಿಂದ ಹೊರಗೆ ಕಟ್ಟಬಹುದಾದ ಜಾಗ ಮೊದಲು ನೋಡಲಿ. ಹಾಗಂತ ಬಿಸಿಲಿನ ಕರೆಂಟಿಗೆ ನೆಲದ ಖರ್ಚಿಲ್ಲ ಅಂತಲ್ಲ. ಪಾವಗಡದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಹೋಗಿದ್ದು ಜಮೀನಿದ್ದವರಿಗೆ. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ.

ಇನ್ನು ಬೆಂಗಳೂರು. ಬೆಳಗ್ಗೆ ಆರೂವರೆಗೆ, ಬಿಸಿಲು ಏರುವ ಮುಂಚೆ, ಒಂದು ಲಕ್ಷ ಮನೆಗಳಲ್ಲಿ 2 ಕಿಲೋವ್ಯಾಟ್‌ನ ಗೀಸರ್ ಒಟ್ಟಿಗೆ ಆನ್ ಆದರೆ 200 ಮೆಗಾವ್ಯಾಟ್, ಹೆಚ್ಚೂಕಮ್ಮಿ ಶಕ್ತಿನಗರದ ಒಂದು ಘಟಕ. ನೂರು ಲೀಟರಿನ ಸೋಲಾರ್ ವಾಟರ್ ಹೀಟರ್ ಚೆನ್ನಾಗಿ ಬಿಸಿಲು ಬಿದ್ದ ದಿನ ಸುಮಾರು ನಾಲ್ಕು ಯುನಿಟ್ ಉಳಿಸುತ್ತದೆ, ಅದೂ ಬೆಳಗಿನ ಬಿಗಿಯಾದ ಗಂಟೆಯಲ್ಲಿ. ಚಾವಣಿಯ ಸೋಲಾರ್‌ಗೆ 3 ಕಿಲೋವ್ಯಾಟ್‌ಗೆ ಕೇಂದ್ರದ 78,000 ರೂಪಾಯಿ ಸಬ್ಸಿಡಿ ಇದೆ, ನೆರಳಿಲ್ಲದ ಮುನ್ನೂರು ಚದರಡಿ ಸಾಕು, ದಿನಕ್ಕೆ ಸರಾಸರಿ ಹನ್ನೆರಡು ಯುನಿಟ್ ಬರುತ್ತದೆ. ಆದರೆ 200 ಯುನಿಟ್ಟಿನೊಳಗೆ ಗೃಹಜ್ಯೋತಿಯಲ್ಲಿ ಬಿಲ್ಲೇ ಬಾರದ ಮನೆಯವರು ಯಾಕೆ ಹಾಕಿಸಿಯಾರು? ಹಾಕಿಸಿಕೊಂಡವರಿಗೂ ಒಂದು ಮಾತು: ಕರೆಂಟು ಹೋದಾಗ ನಿಮ್ಮ ಸೋಲಾರ್ ಕೂಡ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯದಿರಲಿ ಅಂತ ಇನ್ವರ್ಟರ್ ತಾನೇ ಬಂದಾಗುತ್ತದೆ. ಕೆಟ್ಟಿದೆ ಅಂತ ಕಂಪನಿಗೆ ಫೋನ್ ಮಾಡಬೇಡಿ.

ಅಪಾರ್ಟ್‌ಮೆಂಟ್ ಸಂಘಗಳಿಗೂ ಒಂದು ಲೆಕ್ಕವಿದೆ. ಡೀಸೆಲ್ ಜನರೇಟರ್ ಲೀಟರಿಗೆ ಮೂರೂವರೆ ಯುನಿಟ್ ಕೊಟ್ಟರೆ ಹೆಚ್ಚು. ಲೀಟರಿಗೆ ತೊಂಬತ್ತು ರೂಪಾಯಿ ಅಂದರೂ ಯುನಿಟ್ಟಿಗೆ ಇಪ್ಪತ್ತೈದು ದಾಟುತ್ತದೆ. ಮುಂದಿನ ಸಭೆಯಲ್ಲಿ ಹೊಸ ಜನರೇಟರಿನ ಕೊಟೇಶನ್ ಬಂದರೆ, ಪಕ್ಕದಲ್ಲಿ ಲಿಫ್ಟು ಮತ್ತು ನೀರಿನ ಪಂಪಿಗಷ್ಟೇ ಸಾಲುವ ಬ್ಯಾಟರಿಯ ಕೊಟೇಶನ್ನೂ ತರಿಸಿ. ಕಾರು ಚಾರ್ಜಿಂಗಿಗೆ ಟೈಮರ್ ಹಾಕಿಸಿ. ಮಧ್ಯಾಹ್ನ ಕಾರು ನಿಲ್ಲುವುದು ಆಫೀಸಿನಲ್ಲಾದ್ದರಿಂದ ಚಾರ್ಜರ್ ಕೇಳಬೇಕಾದದ್ದು ಅಲ್ಲಿಯೇ, ಸಂಜೆ ಏಳಕ್ಕೆ ಮನೆಯ ಬೇಸ್‌ಮೆಂಟಿನಲ್ಲಲ್ಲ.