ಬಣ್ಣ ಆಮೇಲೆ, ಮೊದಲು ಕೆಳಗೆ ನೋಡಿ

ಮಾರಾಟಕ್ಕಿದ್ದದ್ದು 1958ರ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ನಮ್ಮ ಅಂಬಾಸಿಡರ್‌ನ ಮೂಲ ಇದೇ. ಗ್ಯಾರೇಜಿನ ಬಾಗಿಲು ಸರಿದಾಗ ಅದೇ ಉಬ್ಬಿದ ಬಾನೆಟ್, ಅದೇ ದುಂಡು ಬೆನ್ನು ಕಂಡು, ಇಂಗ್ಲೆಂಡಿನ ಆ ಚಳಿಯಲ್ಲೂ ಊರಿನ ಟ್ಯಾಕ್ಸಿ ನಿಲ್ದಾಣದಲ್ಲಿ ನಿಂತಂತಾಯಿತು. ಕಾರು ಆಯುಧಪೂಜೆಯ ಬೆಳಗ್ಗೆ ತೊಳೆದು ನಿಲ್ಲಿಸಿದಂತೆ ಹೊಳೆಯುತ್ತಿತ್ತು. ‘ಬಣ್ಣ ಬಹಳ ಚೆನ್ನಾಗಿದೆ’ ಎಂದೆ. ಮಾರುವ ಹಿರಿಯರು ಉತ್ತರ ಕೊಡಲಿಲ್ಲ. ನೆಲಕ್ಕೊಂದು ಹಳೆಯ ಚಾಪೆ ಹಾಸಿ, ನನ್ನ ಕೈಗೆ ಟಾರ್ಚ್ ಕೊಟ್ಟು, ‘ಬಣ್ಣ ಯಾರು ಬೇಕಾದರೂ ಹೊಡೆಯುತ್ತಾರೆ, ಕೆಳಗೆ ಹೋಗಿ ನೋಡಿ’ ಎಂದರು.

ಆ ಮಾತು ಚುಚ್ಚಿತು. ಕಾರು ನೋಡುವುದೆಂದರೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಾರ್ನ್ ಒತ್ತಿ, ಇಂಜಿನ್ ಸದ್ದು ಕೇಳಿ ತಲೆದೂಗುವುದು ಎಂದೇ ನಾನು ಕಲಿತಿದ್ದೆ. ನಮ್ಮ ಚಿಕ್ಕಪ್ಪ ಪ್ರೀಮಿಯರ್ ಪದ್ಮಿನಿ ಕೊಂಡದ್ದೂ ಹಾಗೆಯೇ. ‘ಪೂರ್ತಿ ಹೊಸದಾಗಿ ಮಾಡಿಸಿದ್ದೇವೆ ಸಾರ್, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ’ ಎಂದಿದ್ದ ಮಾರಾಟಗಾರ. ಚಿಕ್ಕಪ್ಪ ನಿಜಕ್ಕೂ ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡರು. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದಿನ ಚಕ್ರದ ಮೇಲೆ ಬಣ್ಣ ಹಪ್ಪಳದಂತೆ ಉಬ್ಬಿತು. ಬೆರಳಿನಿಂದ ಒತ್ತಿದರೆ ತೂತು ಮುಚ್ಚಲು ಮೆತ್ತಿದ್ದ ಪುಟ್ಟಿ ಹೆಕ್ಕಳಿಕೆಯಾಗಿ ಕಿತ್ತು ಬಂತು. ಅದರ ಹಿಂದೆ ತಗಡೇ ಇರಲಿಲ್ಲ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತನ್ನು ಅಜ್ಜಿ ಅಂದು ದಿನವಿಡೀ ಹೇಳುತ್ತಿದ್ದರು.

ಚಾಪೆಯ ಮೇಲೆ ಮಲಗಿದ ನನಗೆ ಆ ಹಿರಿಯರು ಒಂದೊಂದಾಗಿ ತೋರಿಸಿದರು. ಬಾಗಿಲುಗಳ ಕೆಳಗೆ ಉದ್ದಕ್ಕೂ ಓಡುವ ಸಿಲ್, ಜಾಕ್ ಕೊಡುವ ಜಾಗ, ಸ್ಪ್ರಿಂಗ್ ಕಚ್ಚಿಕೊಳ್ಳುವ ಜಾಗ, ಡಿಕ್ಕಿಯ ನೆಲ. ನೀರು ನಿಂತು ಕಾರನ್ನು ತಿನ್ನುವುದು ಇಲ್ಲೇ. ಅಡಿಭಾಗಕ್ಕೆಲ್ಲ ಈಚೆಗೆ ದಪ್ಪನೆಯ ಕಪ್ಪು ಕೋಟಿಂಗ್ ಬಳಿದಿದ್ದರೆ ಸಂತೋಷಪಡಬೇಡಿ, ಅನುಮಾನಪಡಿ ಎಂದರು. ಬಾಗಿಲ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿದೆಯೇ, ಬಾಗಿಲು ತೆರೆದ ಕೂಡಲೇ ಜೋಲುತ್ತದೆಯೇ, ಕಿಟಕಿಯ ರಬ್ಬರ್ ಅಂಚಿಗೆ ಬಣ್ಣ ಸಿಡಿದಿದೆಯೇ? ಸಿಡಿದಿದ್ದರೆ ಗಾಜು ಬಿಚ್ಚದೆಯೇ ಬಣ್ಣ ಹೊಡೆದಿದ್ದಾರೆ ಎಂದರ್ಥ. ತಗಡಿಗೆ ಅಯಸ್ಕಾಂತ ಹಿಡಿದರೆ ದಪ್ಪ ಪುಟ್ಟಿ ಇರುವಲ್ಲಿ ಕಚ್ಚುವುದಿಲ್ಲ. ಆದರೆ ಹಿಂದಿನವರು ಸೀಸ ತುಂಬಿ ಮಾಡುತ್ತಿದ್ದ ಒಳ್ಳೆಯ ಕೆಲಸದ ಮೇಲೂ ಅದು ಕಚ್ಚುವುದಿಲ್ಲ. ಹಾಗಾಗಿ ಅಯಸ್ಕಾಂತವೊಂದನ್ನೇ ನಂಬುವಂತಿಲ್ಲ.

ಆಮೇಲೆ ಫೈಲ್ ಬಂತು. ನನ್ನನ್ನು ಸೋಲಿಸಿದ್ದು ಆ ಫೈಲ್. ಕಾರು ತುಕ್ಕು ಹಿಡಿದು ಅಸ್ಥಿಪಂಜರವಾಗಿದ್ದಾಗಿನ ಫೋಟೋ, ಕೊಳೆತ ತಗಡು ಕತ್ತರಿಸಿ ತೆಗೆದ ಫೋಟೋ, ವೆಲ್ಡಿಂಗ್ ಆದ ಮೇಲೆ ಬಣ್ಣಕ್ಕೆ ಮುನ್ನ ತೆಗೆದ ಫೋಟೋ, ಪ್ರತಿಯೊಂದು ಬಿಡಿಭಾಗದ ರಸೀದಿ. ಇಲ್ಲಿ 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಕಾಣದ ಕಾರಿಗೆ 2018ರಿಂದ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಸರ್ಕಾರ ನೋಡದಿದ್ದರೂ ತಾನು ತೋರಿಸಬೇಕು ಎನ್ನುವ ಈ ಶಿಸ್ತು ನಮ್ಮಲ್ಲಿ ಏಕಿಲ್ಲ? ನಮ್ಮ ದೇಶದಲ್ಲೂ 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂತು. ಚಾಸಿ, ಬಾಡಿ, ಇಂಜಿನ್ ಬದಲಾಗಿರಬಾರದು ಎಂದು ಅದು ಹೇಳುತ್ತದೆ. ಆದರೆ ಬಣ್ಣದ ಕೆಳಗಿನ ಫೋಟೋ ತೋರಿಸಿ ಎಂದು ಕೊಳ್ಳುವವನೇ ಕೇಳಬೇಕಲ್ಲವೇ? ಕೇಳಿದರೆ ‘ನಮ್ಮ ಮೇಲೆ ನಂಬಿಕೆ ಇಲ್ಲವೇ?’ ಎಂದು ಮುಖ ಊದಿಸಿಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ. ನಂಬಿಕೆಯ ಹೆಸರಿನಲ್ಲಿ ಎಷ್ಟು ತೂತು ಮುಚ್ಚಿದ್ದೇವೆ!

ಹೊರಡುವ ಮುನ್ನ ಎಡಗಡೆಯ ಹಿಂದಿನ ಮೂಲೆಯಲ್ಲಿ ತಗಡು ಸ್ವಲ್ಪ ಸಪಾಟಾಗಿರುವುದು ಕಂಡಿತು. ಕೇಳಿದೆ. ಆ ಭಾಗ ಸಿದ್ಧವಾಗಿ ಸಿಗುವುದಿಲ್ಲ, ಕೈಯಿಂದ ಬಡಿದು ಆ ತಿರುವು ತರುವವರನ್ನು ಎರಡು ವರ್ಷ ಹುಡುಕಿದರೂ ಸಿಗಲಿಲ್ಲ ಎಂದರು. ದನಿಯಲ್ಲಿ ನಿಜವಾದ ನೋವಿತ್ತು.

ಆಗ ಚಿಕ್ಕಪ್ಪನ ಪದ್ಮಿನಿಯನ್ನು ಕೊನೆಗೆ ಉಳಿಸಿದ ಟಿಂಕರ್ ನೆನಪಾದರು. ಚಪ್ಪಟೆ ತಗಡನ್ನು ಮರಳಿನ ಚೀಲದ ಮೇಲಿಟ್ಟು, ಮರದ ಕೊಡತಿಯಿಂದ ಬಡಿದು ಬಡಿದು, ಆಗಾಗ ಕಣ್ಣು ಮುಚ್ಚಿ ಅಂಗೈ ಸವರಿ ನೋಡುತ್ತಾ ಚಕ್ರದ ಮೇಲಿನ ಕಮಾನನ್ನು ಅವರು ಎರಡು ದಿನದಲ್ಲಿ ಎಬ್ಬಿಸಿದ್ದರು. ಅಳತೆಗೆ ಅವರ ಬಳಿ ಇದ್ದದ್ದು ಇನ್ನೊಂದು ಬದಿಯಿಂದ ಕತ್ತರಿಸಿಕೊಂಡ ರಟ್ಟಿನ ತುಂಡು ಮಾತ್ರ. ಆ ಕೈ ಇಲ್ಲಿ ಈ ಹಿರಿಯರಿಗೆ ಸಿಗಲಿಲ್ಲ ಎನ್ನುವುದನ್ನು ಒಪ್ಪಲೇಬೇಕು. ಅಲ್ಲಿ ಪುಟ್ಟಿ ಮೆತ್ತಿದವನಿಗೂ ಈ ಟಿಂಕರ್‌ಗೂ ನಡುವೆ ನಾಲ್ಕೇ ಬೀದಿಯ ಅಂತರವಿತ್ತು.

ಅವರ ಕೆಲಸವನ್ನು ನನಗೆ ತಿಳಿದಷ್ಟು ವಿವರಿಸಿದೆ. ಹಿರಿಯರು ಕುರ್ಚಿ ಎಳೆದುಕೊಂಡು ಕೂತು ಕೇಳಿದರು. ಕೊನೆಗೆ, ‘ಅವರು ಮಾಡಿದ್ದರ ಒಂದು ಫೋಟೋ ಇದೆಯೇ?’ ಎಂದರು.

ಇರಲಿಲ್ಲ.