ಕೋಲಾರದಲ್ಲೂ ಭೂಮಿ 980ರಂತೆಯೇ ಎಳೆಯತಕ್ಕದ್ದು

ಜಿಲ್ಲಾ ಪುಟದ ಆ ಫೋಟೋವನ್ನು ನೀವೂ ನೋಡಿರುತ್ತೀರಿ. ಕೋಲಾರದ ಪದವಿ ಕಾಲೇಜೊಂದರಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳ ಭೌತಶಾಸ್ತ್ರ ಸಂಶೋಧನೆಗೆಂದು ಪ್ರಯೋಗಾಲಯದ ಉದ್ಘಾಟನೆ. ಮೇಜಿನ ಮೇಲೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರೊಂದು, ಅದರ ಹಿಂದೆ ಮೈಸೂರು ಪೇಟ ತೊಟ್ಟ ಗಣ್ಯರ ಸಾಲು. ನಡುವೆ ನಿಂತವರು ಒಂದು ಕಣ್ಣು ಮುಚ್ಚಿ ಅದರ ದೂರದರ್ಶಕದೊಳಗೆ ಇಣುಕುತ್ತಿದ್ದಾರೆ. ಸೋಡಿಯಂ ದೀಪ ಹೊತ್ತಿಸಿಲ್ಲ, ಪ್ರಿಸಂ ಇಟ್ಟಿಲ್ಲ. ಆದರೂ ಮುಖದಲ್ಲಿ ಏನೋ ಕಂಡ ಸಂತೃಪ್ತಿ. ಕತ್ತಲಲ್ಲಿ ವರ್ಣಪಟಲ ಕಾಣುವುದು ಸಾಮಾನ್ಯ ಸಾಧನೆಯಲ್ಲ, ಸಿ.ವಿ. ರಾಮನ್ ಅವರಿಗೂ ಮೊದಮೊದಲು ಸೂರ್ಯನ ಬೆಳಕಾದರೂ ಬೇಕಾಗಿತ್ತು. ವಿದ್ಯಾರ್ಥಿಗಳು ಫೋಟೋದಲ್ಲಿಲ್ಲ. ಕುರ್ಚಿ ಜೋಡಿಸುತ್ತಿದ್ದಿರಬೇಕು.

ಸಮಾರಂಭ ಮುಗಿದ ಮೇಲೆ ಉಪಕರಣ ಬೀರು ಸೇರುತ್ತದೆ. ಹುಡುಗರ ಕೈಗೆ ಕೊಟ್ಟರೆ ಒಡೆಯುತ್ತದೆ, ಒಡೆದರೆ ಆಡಿಟ್‌ನವರಿಗೆ ಉತ್ತರ ಹೇಳುವವರು ಯಾರು? ಸ್ಟಾಕ್ ರಿಜಿಸ್ಟರಿನಲ್ಲಿ ಕ್ಷೇಮವಾಗಿದ್ದರೆ ಸಾಕು.

ಹಾಗೆಂದು ಸಂಶೋಧನೆ ನಿಂತಿಲ್ಲ. ಸರಳ ಲೋಲಕವನ್ನೇ ನೋಡಿ. ಒಂದು ಮೀಟರ್ ದಾರಕ್ಕೆ ಹಿತ್ತಾಳೆಯ ಗುಂಡು ಕಟ್ಟಿ ತೂಗಿಬಿಟ್ಟರೆ ಇಪ್ಪತ್ತು ಆಂದೋಲನಕ್ಕೆ ಸುಮಾರು 40 ಸೆಕೆಂಡು. ಸ್ಟಾಪ್‌ವಾಚ್ ಒತ್ತುವ ಬೆರಳು ಮನುಷ್ಯನದಾದ್ದರಿಂದ ಒಮ್ಮೆ 39.9 ಬರುತ್ತದೆ, ಒಮ್ಮೆ 40.3. ಆದರೆ ರೆಕಾರ್ಡ್ ಪುಸ್ತಕಗಳಲ್ಲಿ ಇಡೀ ತರಗತಿಗೆ, ಈ ಸೆಕೆಂಡುಗಳಿಂದ ಲೆಕ್ಕ ಹಾಕಿ ಪಡೆಯಬೇಕಾದ ಗುರುತ್ವ ವೇಗೋತ್ಕರ್ಷ, ಅಂದರೆ ಭೂಮಿಯ ಎಳೆತದ ಅಳತೆ, ಸೆಂಟಿಮೀಟರ್ ಲೆಕ್ಕದಲ್ಲಿ ಪಠ್ಯದಲ್ಲಿರುವ 980. ಜಾಣರು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಸೆಕೆಂಡುಗಳನ್ನು ತುಂಬುತ್ತಾರೆ. ಅಷ್ಟು ಶ್ರಮ ಬೇಡವೆನ್ನುವವರು ಸೀನಿಯರ್‌ಗಳ ರೆಕಾರ್ಡ್ ತರುತ್ತಾರೆ. ತಮಾಷೆಯೆಂದರೆ, ಕೋಲಾರದ ಅಕ್ಷಾಂಶಕ್ಕೆ, ಎತ್ತರಕ್ಕೆ ಭೂಮಿ ನಿಜವಾಗಿ ಎಳೆಯುವುದು 978ರ ಆಸುಪಾಸಿನಲ್ಲಿ. ಅಪ್ಪಿತಪ್ಪಿ ಯಾವಳಾದರೂ ಅದನ್ನೇ ಬರೆದು ತಂದರೆ ಕೆಂಪು ಶಾಯಿಯ ಸುತ್ತು, ಪಕ್ಕದಲ್ಲಿ ‘ರಿಪೀಟ್’. ಭೂಮಿ ಸಿಲಬಸ್ ಓದಿಕೊಂಡಿಲ್ಲ, ಪಾಪ.

ಇದೇ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ ಇನ್ನೊಂದು ಬಗೆಯ ಜನರಿದ್ದರು. ಚಾಂಪಿಯನ್ ರೀಫ್ ಗಣಿಯೊಳಗೆ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಒಸಾಕಾ ಮತ್ತು ಡರ್ಹಂ ವಿಶ್ವವಿದ್ಯಾಲಯದವರ ಜೊತೆ ಸೇರಿ 1965ರಲ್ಲಿ ವಾತಾವರಣದಲ್ಲಿ ಹುಟ್ಟಿ ಬಂಡೆಯನ್ನೂ ತೂರಿಹೋಗುವ ನ್ಯೂಟ್ರಿನೋಗಳೆಂಬ ಅತಿ ಸೂಕ್ಷ್ಮ ಕಣಗಳ ಸುಳಿವು ಹಿಡಿದರು. ಆ ಸುದ್ದಿಯನ್ನು ಜಗತ್ತಿಗೆ ತಿಳಿಸಿದವರಲ್ಲಿ ಮೊದಲಿಗರು ಅವರೇ. ಕಾದ ಬಂಡೆಯ ನಡುವೆ ತಿಂಗಳುಗಟ್ಟಲೆ ಉಪಕರಣ ಕಾಯ್ದು ಅವರಿಗೆ ಮೊದಲು ಸಿಕ್ಕಿದ್ದು ಬೆರಳೆಣಿಕೆಯ ಗುರುತುಗಳು. ಪೆದ್ದರು. ಸೀನಿಯರ್ ರೆಕಾರ್ಡ್ ಇಲ್ಲದೆ ಪ್ರಯೋಗಕ್ಕೆ ಇಳಿದರೆ ಆಗುವುದೇ ಹೀಗೆ.

ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು, ಸರಿಯಾಗಿ ರಾಷ್ಟ್ರೀಯ ವಿಜ್ಞಾನ ದಿನ ನೋಡಿಕೊಂಡು. ಆ ದಿನ ಈಗ ಕಾಲೇಜಿನ ಅಂಗಳದಲ್ಲಿ ರಂಗೋಲಿ ಸ್ಪರ್ಧೆ ಇರುತ್ತದೆ. ಪ್ರೋಟಾನಿಗೆ ಕುಂಕುಮ, ಎಲೆಕ್ಟ್ರಾನಿಗೆ ಅರಿಶಿನ. ಪರಮಾಣುವಿಗೆ ಪ್ರಥಮ ಬಹುಮಾನ, ಒಂದು ಸ್ಟೀಲ್ ಡಬ್ಬಿ.

ಸರ್ಕಾರದವರು 2021ರಲ್ಲಿ ಪದವಿಗೆ ನಾಲ್ಕು ವರ್ಷ, ಕೊನೆಯ ವರ್ಷ ಸಂಶೋಧನೆಗೆ ಎಂದರು. 2024ರಲ್ಲಿ ಮತ್ತೆ ಮೂರೇ ವರ್ಷ ಎಂದರು. ಈ ಒಂದು ಪ್ರಯೋಗಕ್ಕೆ ಮಾತ್ರ ಸಾಮಗ್ರಿಯ ಕೊರತೆಯಾಗಲಿಲ್ಲ. ಹುಡುಗರಿದ್ದರಲ್ಲ.

ನಕ್ಕೂ ನಕ್ಕೂ ಬೇಸರ ಬಂದಿದೆ. ಶ್ರೀನಿವಾಸಪುರದ ಹಳ್ಳಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುವ ಹುಡುಗಿ, ಮೂರು ವರ್ಷದಲ್ಲಿ ಒಂದು ಸಲವೂ ತನ್ನ ಕೈಯಾರೆ ಮಸೂರ ಸರಿಸಿ ಬೆಳಕು ಒಂದು ಚುಕ್ಕೆಗೆ ಬಂದು ಕೂಡುವುದನ್ನು ನೋಡದೆ ಭೌತಶಾಸ್ತ್ರದ ಪದವೀಧರೆಯಾಗುತ್ತಾಳೆ. ಕಂಡದ್ದನ್ನು ಬರೆದರೆ ಅಂಕ ಕಡಿತ, ಕಾಣದ್ದನ್ನು ಬರೆದರೆ ಪೂರ್ತಿ ಅಂಕ. ಅವಳಿಗೆ ಸುಳ್ಳು ಬರೆಯುವುದನ್ನು ಕಲಿಸಿದವರು ನಾವು, ಅದೂ ಅವಳಿಂದಲೇ ಪ್ರಯೋಗಾಲಯದ ಶುಲ್ಕ ಕಟ್ಟಿಸಿಕೊಂಡು. ಕಲಿಸಲೇಬೇಕೆಂದು ಹಟ ಹಿಡಿದ ಅತಿಥಿ ಉಪನ್ಯಾಸಕಿಯೊಬ್ಬರಿದ್ದಾರೆ. ಬೀರುವಿನ ಬೀಗದ ಕೈ ಅವರಿಗೆ ಕೊಡುವುದಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು. ನ್ಯೂಟನ್ ಉಂಗುರಗಳೆಂಬ ಬೆಳಕಿನ ಪ್ರಯೋಗದ ರೀಡಿಂಗ್ ಇನ್ನೂ ನಕಲು ಮಾಡಿಕೊಳ್ಳದವರು ಬೇಗ ಮುಗಿಸಿ. ಸಹಿ ಹಾಕುವ ಮೇಡಂ ಅವರ ಅವಧಿ ಸೆಮಿಸ್ಟರಿನ ಜೊತೆಗೇ ಮುಗಿಯುತ್ತದೆ. ಅವರಿಗೆ ಹಿಂದಿನ ತಿಂಗಳುಗಳ ಗೌರವಧನವೇ ಇನ್ನೂ ಬಂದಿಲ್ಲ.